ಐವತ್ತು ದಾಟಿದವರ ಡಬ್ಬಿ

ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ದೇವದಾಸನ ಮನೆಗೆ ಮೊದಲ ಸಲ ಹೋದವರು ಅಡುಗೆ ಕಪಾಟಿನ ಮೇಲಿದ್ದ ಒಂದು ಡಬ್ಬಿ ನೋಡಿ ನಗುವುದಿತ್ತು. ದೊಡ್ಡ ಬಿಳಿ ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಬೆಳ್ಳಿಕೂದಲಿನ ಗಂಡಹೆಂಡತಿ ಸೈಕಲ್ ಹಿಡಿದುಕೊಂಡು ಹಲ್ಲು ಕಾಣುವಂತೆ ನಗುತ್ತಿರುವ ಚಿತ್ರ. ಐವತ್ತು ದಾಟಿದವರ ವಿಟಮಿನ್ ಎಂದು ಜರ್ಮನ್ ಭಾಷೆಯಲ್ಲಿ ದಪ್ಪ ಅಕ್ಷರ. ದೇವದಾಸನಿಗೆ ಮೂವತ್ತೆಂಟು. 'ಏನ್ ಗುರು, ಈಗ್ಲೇ ರಿಟೈರ್‌ಮೆಂಟ್ ಪ್ಲಾನಾ?' ಎಂದು ಆಫೀಸಿನ ಗೆಳೆಯ ಇಬ್ರಾರ್ ಕೀಟಲೆ ಮಾಡಿದ್ದ. ಆಫರ್‌ನಲ್ಲಿತ್ತು ಎಂದು ದೇವದಾಸ ಹೇಳಿದ. ಅಗ್ಗಕ್ಕೆ ಸಿಕ್ಕಿತು ಎಂದರೆ ನಮ್ಮವರು ಮುಂದಿನ ಪ್ರಶ್ನೆ ಕೇಳುವುದಿಲ್ಲ.

ಒಳಗಿದ್ದದ್ದು ವಿಟಮಿನ್ ಅಲ್ಲ. ಎಚ್‌ಐವಿ ಮಾತ್ರೆ, ದಿನಕ್ಕೊಂದು. ಮೂರು ತಿಂಗಳಿಗೊಮ್ಮೆ ಡಾಕ್ಟರ ಚೀಟಿ ಹಿಡಿದು, ತನ್ನೂರಿನ ಅಪೊಥೆಕೆ, ಅಂದರೆ ಮದ್ದಿನಂಗಡಿ, ಬಿಟ್ಟು ಎರಡು ಊರು ಆಚೆಯ ಅಪೊಥೆಕೆಗೆ ಹೋಗಿ ಮೂರು ಬಾಟಲಿ ತರುತ್ತಿದ್ದ. ಮನೆಗೆ ಬಂದು ಬಾಗಿಲು ಹಾಕಿಕೊಂಡು ತೊಂಬತ್ತು ಮಾತ್ರೆಯನ್ನೂ ಆ ಡಬ್ಬಿಗೆ ಸುರಿಯುತ್ತಿದ್ದ. ಖಾಲಿ ಬಾಟಲಿಗಳ ಲೇಬಲ್ಲನ್ನು ಬಿಸಿನೀರಿನಲ್ಲಿ ನೆನೆಸಿ ಕಿತ್ತು, ಚೂರು ಚೂರು ಮಾಡಿ, ಬಾಟಲಿಗಳನ್ನು ರೈಲ್ವೇ ಸ್ಟೇಷನ್ನಿನ ಕಸಕ್ಕೆ ಹಾಕಿ ಬರುತ್ತಿದ್ದ. ಒಬ್ಬನೇ ಇರುವ ಮನೆಯಲ್ಲಿ ಯಾರಿಗೆ ಹೆದರಿ ಎಂದು ಕೇಳಬೇಡಿ. ಹೆದರಲಿಕ್ಕೆ ಮನೆಯಲ್ಲಿ ಜನ ಇರಲೇಬೇಕೆಂದಿಲ್ಲ.

ದೇವದಾಸ ಉಡುಪಿಯ ಕ್ರೈಸ್ತ ಮಿಷನ್ ಕಾಂಪೌಂಡಿನವನು. ಹೆಸರು ಅಜ್ಜನದ್ದು. ಅಪ್ಪ ಬೇಗ ತೀರಿಕೊಂಡರು. ಅಮ್ಮ ಕಾಂತಾಮಣಿ ಕನ್ನಡ ಶಾಲೆಯ ಟೀಚರ್. ಇಂಜಿನಿಯರಿಂಗ್ ಓದಿಸಿದ್ದು ಅಮ್ಮನ ತಮ್ಮ ಜಯಶೀಲ ಮಾವ. ಜರ್ಮನಿಗೆ ಬಂದ ಮೊದಲ ಐದು ವರ್ಷ ಫ್ರಾಂಕ್‌ಫರ್ಟಿನಲ್ಲಿ ಐಟಿ ಕೆಲಸ, ಆಮೇಲೆ ಈ ಊರಿನಲ್ಲಿ ಕಾರಿನ ಎಲೆಕ್ಟ್ರಾನಿಕ್ಸ್ ಪರೀಕ್ಷೆ ಮಾಡುವ ಕೆಲಸ. ಪುಟ್ಟ ಪುಟ್ಟ ಸಾಧನಗಳನ್ನು ಪೆಟ್ಟಿಗೆಯೊಳಗಿಟ್ಟು ಬಾಗಿಲು ಹಾಕಿ, ಮೈನಸ್ ನಲವತ್ತು ಡಿಗ್ರಿಗೂ ಕುದಿಯುವ ಬಿಸಿಗೂ ಒಡ್ಡಿ, ಯಾವುದು ಎಷ್ಟು ದಿನ ತಡೆಯುತ್ತದೆ ಎಂದು ಬರೆದಿಡುವುದು. ತಾಳ್ಮೆಯ ಕೆಲಸ. ಅವನಿಗೆ ಅದು ಒಗ್ಗಿತ್ತು.

ಅವನಿಗೆ ಹುಡುಗರ ಮೇಲೆ ಮನಸ್ಸು ಎನ್ನುವುದು ಹೈಸ್ಕೂಲಿನಲ್ಲೇ ಅವನಿಗೆ ಗೊತ್ತಿತ್ತು. ಬೇರೆ ಯಾರಿಗೂ ಗೊತ್ತಿರಲಿಲ್ಲ. ಫ್ರಾಂಕ್‌ಫರ್ಟಿನಲ್ಲಿ ವಿಲ್ಮರ್ ಸಿಕ್ಕಿದ. ಕೊಲಂಬಿಯಾದ ಬರಾಂಕಿಯಾ ಊರಿನವನು, ವಿಮಾನ ನಿಲ್ದಾಣದಲ್ಲಿ ಸರಕು ಹೇರುವ ಕೆಲಸ, ಗಟ್ಟಿ ಭುಜ, ದೊಡ್ಡ ನಗು. ಒಂದು ವರ್ಷ ಇಬ್ಬರೂ ಜೊತೆಗಿದ್ದರು. ಆಮೇಲೆ ಬರೀ ಸ್ನೇಹಿತರಾದರು, ಮತ್ತು ಅದು ಹೆಚ್ಚು ಬಾಳಿತು. ಅದಾದ ಮೇಲೆ ಸಂಬಂಧವೇ ಅಲ್ಲದ ಯಾವುದೋ ಒಂದು ಭೇಟಿಯಿಂದ ದೇವದಾಸನಿಗೆ ಸೋಂಕು ಬಂತು. ಸಂಶಯ ಇದ್ದರೂ ಹತ್ತು ತಿಂಗಳು ಪರೀಕ್ಷೆಗೆ ಹೋಗಲಿಲ್ಲ. ವೀಸಾ ಹೋಗುತ್ತದೆ ಅಂದುಕೊಂಡ, ಕೆಲಸ ಹೋಗುತ್ತದೆ ಅಂದುಕೊಂಡ, ಲ್ಯಾಬಿನಲ್ಲಿ ಯಾರಾದರೂ ಮಂಗಳೂರಿನವರಿದ್ದರೆ ಎಂದುಕೊಂಡ. ಒಂದೂ ನಿಜವಲ್ಲ, ಆದರೆ ಹೆದರಿದವನಿಗೆ ಇದನ್ನೆಲ್ಲ ಯಾರು ಹೇಳಬೇಕು? ಕೊನೆಗೆ ಕೈಹಿಡಿದು ಎಳೆದುಕೊಂಡು ಹೋದವನು ವಿಲ್ಮರ್. ಅವನಿಗೂ ಇದೇ ಇತ್ತು, ಮೂರು ವರ್ಷ ಮೊದಲಿನಿಂದ.

ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ಫ್ರಾಂಕ್‌ಫರ್ಟಿನ ಒಂದು ಎಚ್‌ಐವಿ ಸಲಹಾ ಕೇಂದ್ರದ ಹಿಂದಿನ ಕೋಣೆಯಲ್ಲಿ ಲ್ಯಾಟಿನ್ ಅಮೆರಿಕದ ಗೇ ಗಂಡಸರು ಸೇರುತ್ತಿದ್ದರು. ಕೊಲಂಬಿಯಾ, ಪೆರು, ವೆನೆಜುವೆಲಾ. ವಿಲ್ಮರ್ ದೇವದಾಸನನ್ನೂ ಅಲ್ಲಿಗೆ ಕರೆದೊಯ್ದ. ದೇವದಾಸನಿಗೆ ಸ್ಪ್ಯಾನಿಷ್ ಬಾರದು, ವಿಲ್ಮರ್ ಪಕ್ಕದಲ್ಲಿ ಕೂತು ಅಷ್ಟಿಷ್ಟು ಹೇಳುತ್ತಿದ್ದ. ಆದರೂ ಎಲ್ಲ ಅರ್ಥವಾಗುತ್ತಿತ್ತು, ಯಾಕೆಂದರೆ ಮಾತೆಲ್ಲ ಅಮ್ಮನದ್ದು, ಚರ್ಚಿನದ್ದು, ಊರಿನವರ ಬಾಯಿಯದ್ದು. ಗಂಡಸಾಗಿರು, ಗಂಡಸಾಗಿರು ಎಂದು ಹೊಡೆದು ಬೆಳೆಸಿದ ಊರುಗಳಿಂದ ಬಂದವರು. ದುಭಾಷಿ ತನ್ನದೇ ಚರ್ಚಿನವಳಾಗಿಬಿಟ್ಟರೆ ಎಂದು ನಾಲ್ಕು ವರ್ಷ ಆಸ್ಪತ್ರೆಯ ಮೆಟ್ಟಿಲು ಹತ್ತದವನೊಬ್ಬನಿದ್ದ. ಪೆರುವಿನವನೊಬ್ಬ ಜಪಮಾಲೆಯ ಪೆಟ್ಟಿಗೆಯಲ್ಲಿ ಮಾತ್ರೆ ಇಡುತ್ತಿದ್ದ. ಅಲ್ಲಿ ಕೂತಾಗ ದೇವದಾಸನಿಗೆ ಉಸಿರು ಸಲೀಸಾಗುತ್ತಿತ್ತು. ಡಬ್ಬಿಯ ಉಪಾಯ ಹೇಳಿಕೊಟ್ಟದ್ದು ವಿಲ್ಮರ್. ಮುದುಕರ ವಿಟಮಿನ್ ಯಾರೂ ಮುಟ್ಟುವುದಿಲ್ಲ ಎನ್ನುವುದು ಅವನ ವಾದ. ಬರಾಂಕಿಯಾದಲ್ಲಿ ಅದು ಸರಿಯಿರಬಹುದು. ಉಡುಪಿಯವರ ವಿಷಯ ಪಾಪ ಅವನಿಗೆ ಗೊತ್ತಿರಲಿಲ್ಲ.

ಈ ವರ್ಷ ಈಸ್ಟರ್ ಮರುದಿನ ಕಾಂತಾಮಣಿ ಟೀಚರು ಬೆಂಗಳೂರಿನ ವಿಮಾನದಲ್ಲಿ ಫ್ರಾಂಕ್‌ಫರ್ಟಿಗೆ ಬಂದಿಳಿದರು, ತೊಂಬತ್ತು ದಿನದ ವೀಸಾದಲ್ಲಿ. ದೂರದಿಂದಾದರೂ ನಿನ್ನ ಅಮ್ಮನನ್ನು ನೋಡುತ್ತೇನೆ ಎಂದಿದ್ದ ವಿಲ್ಮರ್. ಬೇಡ ಎಂದಿದ್ದ ದೇವದಾಸ. ಆದರೂ ಆತ ಕೆಲಸದ ಹಳದಿ ಅಂಗಿಯಲ್ಲೇ ಬಂದು ಕಂಬದ ಹಿಂದೆ ನಿಂತು ನೋಡಿ ಹೋದ. ದೇವದಾಸ ಅತ್ತ ತಿರುಗಲಿಲ್ಲ. ಆ ನಾಚಿಕೆ ಅವನ ಮನಸ್ಸಿನಲ್ಲಿ ಬಹಳ ದಿನ ಉಳಿಯಿತು.

ಒಂದೂವರೆ ಕೋಣೆಯ ಮನೆ. ಅಮ್ಮ ಮಲಗುವ ಕೋಣೆಯಲ್ಲಿ, ಮಗ ಸೋಫಾದ ಮೇಲೆ. ನಲವತ್ತು ವರ್ಷ ಮಕ್ಕಳ ಬ್ಯಾಗು ತಪಾಸಣೆ ಮಾಡಿದ ಕೈ ಸುಮ್ಮನಿರುತ್ತದೆಯೇ? ಮೊದಲ ವಾರದಲ್ಲೇ ಎಲ್ಲ ಕಪಾಟು ಒರೆಸಿ ಜೋಡಿಸಿದರು. ಬರುವಾಗ ಮಗನಿಗೆಂದು ನೋಡಿದ ಅಶ್ಲಿನ್ ಎಂಬ ನರ್ಸ್ ಹುಡುಗಿಯ ಫೋಟೊ ತಂದಿದ್ದರು, ಅದು ಫ್ರಿಜ್ಜಿನ ಮೇಲೆ ಕೂತಿತು. ಭಾನುವಾರದ ಕೂಟ ನಿಂತಿತು. ವಿಲ್ಮರ್ ಜೊತೆ ಫೋನಿನಲ್ಲಿ ಮಾತಾಡಬೇಕೆಂದರೆ ದೇವದಾಸ ಬಕೆಟ್ ಹಿಡಿದು ಕೆಳಗಿನ ಕೆಲ್ಲರಿಗೆ, ವಾಷಿಂಗ್ ಮೆಷಿನ್ ಇರುವ ನೆಲಮಾಳಿಗೆಗೆ, ಹೋಗಬೇಕು. ವಾರಕ್ಕೆ ನಾಲ್ಕು ಸಲ ಬಟ್ಟೆ ಒಗೆಯುವ ಮಗ ಎಂದು ಟೀಚರು ಊರಿಗೆಲ್ಲ ಫೋನಿನಲ್ಲಿ ಹೊಗಳಿದರು.

ಇಲ್ಲಿ ನಮ್ಮವರಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಊರಿಗೆ ಹೊರಟರೆ ಅವರ ಪೆಟ್ಟಿಗೆ ಅವರದ್ದಲ್ಲ. ಎರಡು ಕಿಲೋ ಜಾಗ ಇದೆ ಎಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದರೆ ಸಾಕು, ಚಾಕೊಲೇಟು, ನೋವಿನ ಮುಲಾಮು, ನೀರಿಗೆ ಹಾಕಿದರೆ ಬುಸ್ ಎನ್ನುವ ಮಾತ್ರೆ, ವಿಟಮಿನ್ನು ಎಲ್ಲ ಬಂದು ಬೀಳುತ್ತವೆ. ಜರ್ಮನ್ ವಿಟಮಿನ್ ಎಂದರೆ ಊರಿನ ಹಿರಿಯರಿಗೆ ಪ್ರಸಾದವಿದ್ದ ಹಾಗೆ. ಇಬ್ರಾರನ ಹೆಂಡತಿ ರುಕ್ಸಾರ್ ಒಂದು ಸೋಮವಾರ ಬೆಂಗಳೂರಿಗೆ ಹೊರಟಳು. ಟೀಚರು ಅವಳ ಕೈಯಲ್ಲಿ ಒಂದು ಪೊಟ್ಟಣ ಕೊಟ್ಟು ಕಳಿಸಿದರು, ಅಲ್ಲಿಂದ ಉಡುಪಿಗೆ ಕೊರಿಯರ್ ಮಾಡಲು ಹೇಳಿ. ದೇವದಾಸ ಆಗ ಆಫೀಸಿನಲ್ಲಿದ್ದ.

ಅದರ ಮುಂದಿನ ಭಾನುವಾರ ಪೆಂತೆಕೊಸ್ತ, ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಹಬ್ಬ. ಶ್ವೀಬರ್ಡಿಂಗೆನ್ನಿನ ಚರ್ಚಿನಲ್ಲಿ ಆರ್ಗನ್ ನುಡಿಸಿದ ರಾಗ ಕೇಳಿ ಟೀಚರು ಮಗನ ಮೊಣಕೈ ಹಿಡಿದರು. ಮಿಷನ್ನಿನವರು ಇಲ್ಲಿಂದಲೇ ಉಡುಪಿಗೆ ತಂದ ರಾಗ. ಅವರು ಅದಕ್ಕೆ ಕನ್ನಡದ ಸಾಲುಗಳನ್ನು ಮೆಲ್ಲಗೆ ಹಾಡಿಕೊಂಡರು, ಕಣ್ಣಲ್ಲಿ ನೀರು ತಂದುಕೊಂಡರು. ಮನೆಗೆ ಬಂದು ಊಟವಾದ ಮೇಲೆ ದೇವದಾಸ ತನ್ನ ಏಳು ಮನೆಯ ಪುಟ್ಟ ಮಾತ್ರೆ ಪೆಟ್ಟಿಗೆಯನ್ನು ಬ್ಯಾಗಿನಿಂದ ತೆಗೆದ. ವಾರಕ್ಕೊಮ್ಮೆ ಅದನ್ನು ತುಂಬಿಸುವುದು ಭಾನುವಾರದ ಕ್ರಮ. ಕಪಾಟಿನ ಮೇಲಿನ ಬಿಳಿ ಡಬ್ಬಿ ಇಳಿಸಿ ಮುಚ್ಚಳ ತೆರೆದ. ಒಳಗೆ ಕಿತ್ತಳೆ ಬಣ್ಣದ ಉದ್ದ ಗುಳಿಗೆಗಳು. ಡಬ್ಬಿ ತಿರುಗಿಸಿ ನೋಡಿದ. ಸೈಕಲ್ಲಿನ ಗಂಡಹೆಂಡತಿ ಇರಲಿಲ್ಲ. ಗಡ್ಡದ ಯುವಕನೊಬ್ಬ ಬೆಟ್ಟ ಹತ್ತುತ್ತಿದ್ದ.

"ಎಂತ ಹುಡುಕುದು?" ಎಂದರು ಟೀಚರು.

"ನನ್ನ ವಿಟಮಿನ್, ಅಮ್ಮ."

"ಕೈಯಲ್ಲೇ ಉಂಟಲ್ಲ. ನಿನಗೆ ಸರಿಯಾದದ್ದು ನಾನೇ ಅಂಗಡಿಯಿಂದ ತಂದದ್ದು. ಹಳೇದನ್ನು ಜಯಶೀಲನಿಗೆ ಕಳಿಸಿದೆ, ರುಕ್ಸಾರ್ ಹತ್ರ. ಫೋನಲ್ಲಿ ಫೋಟೊ ಹೊಡೆದು ಕನ್ನಡ ಮಾಡಿ ಓದಿದೆ. ಐವತ್ತು ದಾಟಿದವರಿಗೆ ಅಂತ ಬರೆದುಂಟು. ನಿನಗೆ ಐವತ್ತು ಆಯ್ತಾ? ಪ್ರಾಯ ಆದವರ ಮದ್ದು ಮಕ್ಕಳು ತಿನ್ಬಾರ್ದು."

ದೇವದಾಸ ಡಬ್ಬಿಯನ್ನು ಮೇಜಿನ ಮೇಲಿಟ್ಟ. "ಮಾವ ತೆಗೊಂಡ್ರಾ?"

"ಶುಕ್ರವಾರದಿಂದ ದಿನಾ ಬೆಳಿಗ್ಗೆ ಚಾ ಆದ ಮೇಲೆ. ಕಾಲಿಗೆ ಬಲ ಬಂದ ಹಾಗೆ ಉಂಟಂತೆ."

ಜಯಶೀಲ ಮಾವನಿಗೆ ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಕಿಡ್ನಿ ಅರ್ಧ ಕೆಲಸ ಮಾಡುತ್ತಿದೆ ಎಂದು ಮಣಿಪಾಲದ ಡಾಕ್ಟರು ಹೇಳಿದ್ದರು. ಮಾತ್ರೆ ಶುರು ಮಾಡಿದ ದಿನ ದೇವದಾಸನ ಡಾಕ್ಟರು ಕೇಳಿದ್ದ ಮೊದಲ ಪ್ರಶ್ನೆಯೇ, ನಿಮಗೆ ಸಕ್ಕರೆ ಕಾಯಿಲೆ ಇದೆಯೇ, ಕಿಡ್ನಿ ಹೇಗಿದೆ ಎಂದು. ಸಕ್ಕರೆಯ ಮಾತ್ರೆ ಜೊತೆ ಇದು ಸೇರಿದರೆ, ಕಿಡ್ನಿ ಸೋತವರಿಗೆ ಜೀವಕ್ಕೇ ತೊಂದರೆ ಎಂದು ಬಿಡಿಸಿ ಹೇಳಿದ್ದರು. ಮೂರು ಮಾತ್ರೆಯಿಂದ ಏನೂ ಆಗಲಿಕ್ಕಿಲ್ಲ. ಆದರೆ ಡಬ್ಬಿಯಲ್ಲಿ ಇನ್ನೂ ಎಂಬತ್ತರ ಹತ್ತಿರ ಇದ್ದವು.

"ಅಮ್ಮ, ಅದನ್ನು ನಿಲ್ಲಿಸ್ಲಿಕ್ಕೆ ಹೇಳು. ಅದು ಹಾಳಾಗಿದೆ. ಕಂಪನಿಯವರು ವಾಪಸ್ ಕೇಳಿದ್ದಾರೆ."

"ಹಾಳಾದದ್ದನ್ನು ನೀನು ಇವತ್ತು ಬೆಳಿಗ್ಗೆ ತಿಂದದ್ದು ನಾನು ನೋಡಿದೆ."

"ಕಿಡ್ನಿಗೆ ಒಳ್ಳೇದಲ್ಲ ಅದು."

"ವಿಟಮಿನ್ ಕಿಡ್ನಿಗೆ ಎಂತ ಮಾಡ್ತದೆ ಮಾರಾಯಾ?" ಟೀಚರ ದನಿ ಬದಲಾಗಿತ್ತು. "ನಿನ್ನನ್ನು ಓದಿಸಿದವ ಅವ. ಒಂದು ಡಬ್ಬಿ ಕೊಡ್ಲಿಕ್ಕೆ ನಿನಗೆ ಮನಸ್ಸಿಲ್ಲ, ಅಷ್ಟೇ ಅಲ್ವಾ?"

ಸುಳ್ಳು ಹೇಳಿ ಹೇಳಿ ಪಳಗಿದವನು ದೇವದಾಸ. ಆದರೆ ಅವನ ಸುಳ್ಳುಗಳೆಲ್ಲ ತನ್ನನ್ನು ಮುಚ್ಚಿಕೊಳ್ಳಲು ಕಟ್ಟಿದವು. ಇನ್ನೊಬ್ಬರನ್ನು ಉಳಿಸುವಷ್ಟು ಗಟ್ಟಿಯಾದದ್ದು ಒಂದೂ ಇರಲಿಲ್ಲ. ಮಾವನಿಗೆ ತಾನೇ ಫೋನ್ ಮಾಡಿದ. ಮಾವ ನಕ್ಕರು. 'ಎಂತದೂ ಆಗುದಿಲ್ಲ, ನಾನು ಫಸ್ಟ್ ಕ್ಲಾಸ್ ಇದ್ದೇನೆ' ಎಂದರು. ಅಷ್ಟರಲ್ಲಿ ಟೀಚರು ಫೋನು ಕಿತ್ತುಕೊಂಡರು. "ನೀನು ತೆಗೊ ಜಯಶೀಲ. ಇವನಿಗೆ ಲೋಭ ಹಿಡಿದಿದೆ," ಎಂದು ಹೇಳಿ ಇಟ್ಟುಬಿಟ್ಟರು. ಮಾವನಿಗೆ ಅಕ್ಕನ ಮಾತೇ ಮಾತು. ಇನ್ನು ಆ ಡಬ್ಬಿಯನ್ನು ಮುಚ್ಚಿಸುವುದು ಕಾಂತಾಮಣಿ ಟೀಚರ ಬಾಯಿಂದ ಮಾತ್ರ ಸಾಧ್ಯ. ಅವರ ಬಾಯಿ ತೆರೆಸುವುದು ಒಂದೇ ಒಂದು ಮಾತಿನಿಂದ ಸಾಧ್ಯ.

ದೇವದಾಸ ಬಕೆಟ್ ಎತ್ತಿಕೊಂಡ.

"ಭಾನುವಾರವೂ ಒಗೆಯುದಾ?" ಎಂದರು ಟೀಚರು. ಅವನು ಆಗಲೇ ಮೆಟ್ಟಿಲು ಇಳಿಯುತ್ತಿದ್ದ.

ಕೆಲ್ಲರಿನಲ್ಲಿ ಖಾಲಿ ಮೆಷಿನ್ನಿಗೆ ಒರಗಿ ಫೋನಿನಲ್ಲಿ ವಿಲ್ಮರ್‌ಗೆ ಎಲ್ಲ ಹೇಳಿದ. ವಿಲ್ಮರ್ "ನಿನ್ನ ಹತ್ತಿರ ಮಾತ್ರೆ ಎಷ್ಟಿದೆ?" ಎಂದು ಮಾತ್ರ ಕೇಳಿದ. ಒಂದೂ ಇರಲಿಲ್ಲ. ನಾಳೆ ಹಬ್ಬದ ರಜೆ, ಡಾಕ್ಟರು ಸಿಗುವುದು ಮಂಗಳವಾರ. "ನನ್ನದೂ ಅದೇ ಮಾತ್ರೆ. ನಾಳೆ ಬೆಳಿಗ್ಗೆ ತರುತ್ತೇನೆ. ಈ ಸಲ ಕಂಬದ ಹಿಂದೆ ನಿಲ್ಲುವುದಿಲ್ಲ," ಎಂದ. ದೇವದಾಸ ಬೇಡ ಎನ್ನಲಿಲ್ಲ. ಆಮೇಲೆ ವಿಲ್ಮರ್ ಹೇಳಿದ: "ಬೇಗ ಹೇಳಿಬಿಡು. ನಿಂತುಕೊಂಡೇ ಹೇಳು. ಕೂತರೆ ಆಗುವುದಿಲ್ಲ."

ಟೀಚರು ಮೇಜಿನ ಮುಂದೆ ಬೀನ್ಸ್ ಮುರಿಯುತ್ತಿದ್ದರು. ದೇವದಾಸ ಬಕೆಟ್ ಕೆಳಗಿಡದೆ ನಿಂತುಕೊಂಡೇ ಹೇಳಿದ. "ಅಮ್ಮ, ಅದು ವಿಟಮಿನ್ ಅಲ್ಲ. ನನಗೆ ಎಚ್‌ಐವಿ ಉಂಟು. ಅದಕ್ಕೆ ತೆಗೊಳ್ಳುವ ಮಾತ್ರೆ ಅದು. ಮಾವನ ಸಕ್ಕರೆ ಮಾತ್ರೆ ಜೊತೆ ಅದು ಸೇರ್ಬಾರ್ದು."

ಬೀನ್ಸಿನ ತುದಿ ಹಿಡಿದ ಕೈ ಹಾಗೇ ನಿಂತಿತು. ಆ ಹೆಸರು ಟೀಚರಿಗೆ ಹೊಸದಲ್ಲ. ಶಾಲೆಯಲ್ಲಿ ಡಿಸೆಂಬರ್ ಒಂದರಂದು, ಏಡ್ಸ್ ದಿನಕ್ಕೆ, ಪ್ರತಿವರ್ಷ ಚಿತ್ರಸ್ಪರ್ಧೆ ನಡೆಸುತ್ತಿದ್ದವರು ಅವರೇ. ದೇವದಾಸ ಎಂಟನೇ ಕ್ಲಾಸಿನಲ್ಲಿ ಕಪ್ಪು ಹಾಳೆಯ ಮೇಲೆ ತಲೆಬುರುಡೆ ಬಿಡಿಸಿ, ಅದರ ಕಣ್ಣಿನಲ್ಲಿ ಕೆಂಪು ಬಣ್ಣ ತುಂಬಿ, ಎರಡನೇ ಬಹುಮಾನವಾಗಿ ಸೋಪಿನ ಪೆಟ್ಟಿಗೆ ಗೆದ್ದಿದ್ದ. ಆ ಚಿತ್ರಕ್ಕೆ ಟೀಚರು ಚೌಕಟ್ಟು ಹಾಕಿಸಿ ಸ್ಟಾಫ್ ರೂಮಿನಲ್ಲಿ ತೂಗಿಸಿದ್ದರು. ಅದು ಎಷ್ಟು ವರ್ಷ ಅಲ್ಲಿತ್ತೋ. ಇಬ್ಬರಿಗೂ ಆಗ ಅದೇ ನೆನಪಾಯಿತು, ಇಬ್ಬರೂ ಅದನ್ನು ಹೇಳಲಿಲ್ಲ.

"ಸಾಯ್ತಿಯಾ?" ಎಂದರು ಟೀಚರು.

"ಇಲ್ಲ. ಮಾತ್ರೆ ತೆಗೊಂಡ್ರೆ ಎಲ್ಲರ ಹಾಗೆ ಇರ್ಬಹುದು. ಈಗ ರಕ್ತದಲ್ಲಿ ಕಾಣುದೇ ಇಲ್ಲ. ನನ್ನಿಂದ ಯಾರಿಗೂ ಬರುದಿಲ್ಲ."

"ಯಾವ ಹುಡುಗಿ?"

"ಹುಡುಗಿ ಅಲ್ಲಮ್ಮ." ಅವನು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಹುಡುಗಿಯರು ಅಲ್ಲ ನನಗೆ. ಯಾವತ್ತೂ ಅಲ್ಲ."

ಟೀಚರು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಂದೂವರೆ ಕೋಣೆಯ ಮನೆಯಲ್ಲಿ ಒಬ್ಬರು ಅಳುವುದು ಇನ್ನೊಬ್ಬರಿಗೆ ಕೇಳಲೇಬೇಕು. ಅಪ್ಪ ಹೋದಾಗ ಕೂಡ ಅಮ್ಮ ಹಾಗೆ ಅತ್ತದ್ದನ್ನು ಅವನು ಕೇಳಿರಲಿಲ್ಲ. ಹೊರಗೆ ಹೋಗಿಬಿಡೋಣ ಅನ್ನಿಸಿತು, ಬಿಟ್ಟು ಹೋಗಲು ಧೈರ್ಯವಾಗಲಿಲ್ಲ. ಬಕೆಟ್ ಹಿಡಿದುಕೊಂಡು ಅಲ್ಲೇ ನಿಂತ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಟೀಚರು ಮುಖ ತೊಳೆದು, ಕೂದಲು ಕಟ್ಟಿ, ಫೋನು ಹಿಡಿದು ಹೊರಗೆ ಬಂದರು. ಮಗನ ಮುಂದೆಯೇ ತಮ್ಮನಿಗೆ ಫೋನ್ ಹಚ್ಚಿದರು.

"ಜಯಶೀಲ, ಆ ಡಬ್ಬಿ ಮುಚ್ಚಿ ಕಪಾಟಿಗೆ ಹಾಕು. ಇನ್ನು ಒಂದೂ ಮುಟ್ಬೇಡ. ತಪ್ಪು ನನ್ನದು. ಅದು ನನ್ನ ಮಗನ ಮದ್ದು, ಅವನಿಗೆ ಬೇಕು." ಆಚೆಯಿಂದ ಏನೋ ಪ್ರಶ್ನೆ ಬಂತು. "ಎಂತ ಕಾಯಿಲೆ ಅಂತ ಕೇಳ್ಬೇಡ. ನಿನ್ನ ಡಾಕ್ಟರ ನಂಬರ್ ಕೊಡು, ಮಾತ್ರೆಯ ಹೆಸರು ಇವನೇ ಅವರಿಗೆ ಹೇಳ್ತಾನೆ. ನೀನು ನಾಳೆ ಹೋಗಿ ರಕ್ತ ಪರೀಕ್ಷೆ ಮಾಡಿಸು."

ಜೀವನದಲ್ಲಿ ಇಂಥದ್ದೊಂದು ಮಾತು ಅಮ್ಮನ ಬಾಯಿಂದ ಬರುತ್ತದೆ ಎಂದು ದೇವದಾಸ ನೆನೆಸಿರಲಿಲ್ಲ. ಇನ್ನು ಪರವಾಗಿಲ್ಲ ಅಂದುಕೊಂಡ. ಆದರೆ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಸಂಜೆ ಚಹಾ ಕುಡಿದಾದ ಮೇಲೆ ಟೀಚರು ಅವನ ಕಪ್ಪನ್ನು ಬೇರೆ ತೆಗೆದು, ಕುದಿಯುವ ನೀರು ಹೊಯ್ದು, ಕಿಟಕಿಯ ಹಲಗೆಯ ಮೇಲೆ ಕವುಚಿ ಇಟ್ಟರು. ಊಟದ ತಟ್ಟೆಯೂ ಅಲ್ಲಿಗೇ ಹೋಯಿತು.

"ಮುಟ್ಟಿದ್ರೆ ಬರುದಿಲ್ಲ, ಅಮ್ಮ."

"ಗೊತ್ತುಂಟು," ಎಂದರು ಟೀಚರು. "ನೂರಾರು ಮಕ್ಕಳಿಗೆ ನಾನೇ ಹೇಳಿಕೊಟ್ಟದ್ದು." ಕಪ್ಪು ಮಾತ್ರ ಕಿಟಕಿಯಲ್ಲೇ ಉಳಿಯಿತು. ಸೋಫಾದಲ್ಲಿ ಮಲಗಿದರೆ ಅದು ನೇರ ಎದುರಿಗೆ ಕಾಣುತ್ತಿತ್ತು. ಡಬ್ಬಿಯೊಳಗೆ ಅಡಗಿಸಿಟ್ಟದ್ದು ಈಗ ಮನೆತುಂಬ ಹರಡಿತ್ತು, ಅವನಿಗೆ ಮಗ್ಗುಲು ಬದಲಾಯಿಸಲೂ ಜಾಗವಿಲ್ಲದಂತೆ.

ಮರುದಿನ ಹತ್ತು ಗಂಟೆಗೆ ವಿಲ್ಮರ್ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅನಾನಸು. ಹಣ್ಣನ್ನು ಟೀಚರ ಕೈಗೆ ಕೊಟ್ಟು ತಲೆ ಬಾಗಿಸಿದ. ಬಳಿಕ ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದೇ ಬಿಳಿ ಡಬ್ಬಿ, ಸೈಕಲ್ ಹಿಡಿದು ನಗುವ ಅದೇ ಮುದಿ ಗಂಡಹೆಂಡತಿ. ಟೀಚರು ಆ ಚಿತ್ರವನ್ನು ನೋಡಿದರು, ವಿಲ್ಮರನ ಮುಖ ನೋಡಿದರು, ಮತ್ತೆ ಚಿತ್ರ ನೋಡಿದರು. ವಿಲ್ಮರ್ ಏಳು ಮಾತ್ರೆ ತೆಗೆದು ದೇವದಾಸನ ಪುಟ್ಟ ಪೆಟ್ಟಿಗೆಯ ಏಳು ಮನೆಗೂ ಒಂದೊಂದು ಹಾಕಿದ.

"ಇವನಿಗೂ ಉಂಟಾ?" ಎಂದು ಟೀಚರು ಕನ್ನಡದಲ್ಲಿ ಕೇಳಿದರು.

"ಉಂಟು."

"ಇವನ ಅಮ್ಮನಿಗೆ ಗೊತ್ತುಂಟಾ?"

"ಗೊತ್ತುಂಟು. ಫೋನಿನಲ್ಲಿ ಹೇಳಿದ. ನಿನಗಾಗಿ ಪ್ರಾರ್ಥನೆ ಮಾಡ್ತೇನೆ ಅಂದ್ರಂತೆ. ಆಮೇಲೆ ಏಳು ವರ್ಷ ಆಯ್ತು, ಇವನ ಫೋನ್ ತೆಗೆಯುದಿಲ್ಲ."

ತನ್ನ ಬಗ್ಗೆಯೇ ಮಾತು ಎಂದು ವಿಲ್ಮರ್‌ಗೆ ತಿಳಿಯಿತು. ಅವನು ನಗಲು ನೋಡಿದ, ಆಗಲಿಲ್ಲ. ಟೀಚರು ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಅವಳು ದೂರ ಇದ್ದಳು. ಫೋನ್ ತೆಗೆಯದೆ ಇರ್ಲಿಕ್ಕೆ ಆಯ್ತು," ಎಂದರು. "ನಿನ್ನೆ ನಾನೂ ಊರಿಗೆ ಹೋಗುವಾ ಅಂತ ಟಿಕೆಟ್ ತೆಗೆದು ನೋಡಿದೆ. ಇನ್ನು ನಲವತ್ತೊಂದು ದಿನ ಉಂಟು. ಅಲ್ಲಿವರೆಗೆ ನನಗೆ ಹೋಗ್ಲಿಕ್ಕೆ ಜಾಗ ಇಲ್ಲ, ನಿನಗೂ ಇಲ್ಲ." ಅವರು ಮಗನ ಕಡೆ ತಿರುಗಿದರು. "ಸರಿ ಅಂತ ನಾನು ಹೇಳುದಿಲ್ಲ, ದೇವು. ನನಗೆ ಅರ್ಥ ಆಗುದಿಲ್ಲ. ಆಗ್ತದೋ ಇಲ್ವೋ, ಅದೂ ಗೊತ್ತಿಲ್ಲ. ದಿನಾ ಸ್ವಲ್ಪ ಸ್ವಲ್ಪ ಹೇಳು. ಒಟ್ಟಿಗೆ ಎಲ್ಲ ಹೇಳ್ಬೇಡ."

ದೇವದಾಸ ತಲೆಯಾಡಿಸಿದ.

"ಇವತ್ತಿನ ಮಾತ್ರೆ ತಿಂದಿಯಾ?"

"ಇಲ್ಲ."

ಹಾಜರಿ ತಪ್ಪಿಸಿದ ಹುಡುಗನನ್ನು ನೋಡುವಂತೆ ಟೀಚರು ಅವನನ್ನು ನೋಡಿದರು. ಸೋಮವಾರದ ಮನೆ ತೆರೆದು ಮಾತ್ರೆಯನ್ನು ತಮ್ಮ ಬೆರಳಿನಲ್ಲೇ ತೆಗೆದು ಅವನ ಅಂಗೈಗೆ ಹಾಕಿದರು. ನೀರಿಗಾಗಿ ಕಿಟಕಿಯಲ್ಲಿದ್ದ ಅವನ ಕಪ್ಪಿನ ಕಡೆ ಕೈ ಚಾಚಿ, ಅಲ್ಲೇ ತಡೆದು, ಮೇಜಿನ ಮೇಲಿದ್ದ ಲೋಟ ಎತ್ತಿ ಕೊಟ್ಟರು. ಉಡುಪಿಯಿಂದ ತಂದ ಸ್ಟೀಲ್ ಲೋಟ, ಅರ್ಧ ಅವರೇ ಕುಡಿದು ಇಟ್ಟದ್ದು. ಅವನು ಮಾತ್ರೆ ನುಂಗುವವರೆಗೂ ಎದುರು ನಿಂತು ನೋಡಿದರು. ಆಮೇಲೆ ಲೋಟ ವಾಪಸ್ ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಅದನ್ನು ಹಿಡಿದುಕೊಂಡೇ 'ಅನಾನಸು ಕೊಯ್ಲಿಕ್ಕೆ ಚೂರಿ ಎಲ್ಲುಂಟು' ಎಂದು ಕೇಳಿದರು.